ನಡುದನಿಯ ಟೀಚರ್ ಮುಂದೆ ಬಂದು ನಿಂತಾಗ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಅಡುಗೆಮನೆಯ ಗೋಡೆಗೆ ಮುಖ ಮಾಡಿ ನಿಂತ ಹೆಂಗಸೊಬ್ಬರು ಎಡಗೈಯ ಬೆರಳುಗಳನ್ನು ಗೋಡೆಯ ಮೇಲೆ ಒಂದೊಂದಾಗಿ ಮೇಲಕ್ಕೆ ನಡೆಸುತ್ತಿದ್ದಾರೆ. ಎದೆಯ ಮಟ್ಟ, ಗದ್ದದ ಮಟ್ಟ, ಹಣೆಯ ಮಟ್ಟ. ಹಣೆ ದಾಟಿದ ಮೇಲೆ ಬೆರಳುಗಳು ತಡವರಿಸುತ್ತವೆ, ಅವರು ಹಲ್ಲು ಕಚ್ಚುತ್ತಾರೆ. ಅಲ್ಲಿಂದ ಇನ್ನೊಂದು ಗೇಣು ಮೇಲೆ ಹೋದರೆ ಭುಜ ಇವತ್ತಿಗೆ ಒಪ್ಪಿದೆ ಅಂತ ಅರ್ಥ. ಹೋಗುತ್ತದೆ. ಅವರು ಉಸಿರು ಬಿಟ್ಟು ಕೈ ಇಳಿಸಿ, ಊಟದ ಮೇಜಿನ ಮೇಲಿದ್ದ ಉದ್ದನೆಯ ಕಪ್ಪು ಪೆಟ್ಟಿಗೆಯ ಮುಚ್ಚಳ ತೆಗೆಯುತ್ತಾರೆ.

ಒಳಗಿರುವುದು ವಿಯೋಲಾ. ಪಿಟೀಲಿನದೇ ಆಕಾರ, ಅದೇ ನಾಲ್ಕು ತಂತಿ, ಅದೇ ಕಮಾನು. ಆದರೆ ಮೈ ಸ್ವಲ್ಪ ದೊಡ್ಡದು, ದನಿ ಸಾಕಷ್ಟು ತಗ್ಗು. ಇಷ್ಟೂ ಗೊತ್ತಿಲ್ಲದೆ ಮೊದಲ ಭೇಟಿಯಲ್ಲೇ "ಇದು ದೊಡ್ಡ ಪಿಟೀಲಾ?" ಅಂತ ಕೇಳಿ, ಅವರ ಬಗ್ಗೆ ಪತ್ರಿಕೆಗೆ ಬರೆಯಲು ಬಂದ ನಾನು ಬೈಸಿಕೊಂಡಿದ್ದೇನೆ. "ಎಲ್ರೂ ಕೇಳೋದು ಇದನ್ನೇ," ಅಂದಿದ್ದರು ಅವರು. "ಹಸುನ ನೋಡಿ ದೊಡ್ಡ ಮೇಕೆ ಅಂತೀರಾ?" ಅಂದಿನಿಂದ ನಾನು ಬಾಯಿ ಮುಚ್ಚಿಕೊಂಡು ನೋಡುವುದನ್ನು ಕಲಿತಿದ್ದೇನೆ.

ತಂತಿಗಳ ಬುಡಕ್ಕೆ ಅವರು ರಬ್ಬರಿನ ಒಂದು ತುಂಡನ್ನು ಸಿಕ್ಕಿಸುತ್ತಾರೆ. ದನಿ ಅರ್ಧಕ್ಕರ್ಧ ಅಡಗುತ್ತದೆ. ಮೇಲಿನ ಮನೆಯಲ್ಲಿರುವ ನರ್ಸ್ ರಾತ್ರಿ ಪಾಳಿ ಮುಗಿಸಿ ಈಗಷ್ಟೇ ಮಲಗಿರುತ್ತಾರೆ, ಅವರ ನಿದ್ದೆ ಕೆಡಬಾರದು. ಆಮೇಲೆ ವಾದ್ಯವನ್ನು ಗದ್ದದಡಿ ಇಟ್ಟುಕೊಂಡು, ಎಲ್ಲಕ್ಕಿಂತ ಕೆಳಗಿನ ತಂತಿಯ ಮೇಲೆ ಕಮಾನನ್ನು ನಿಧಾನವಾಗಿ ಎಳೆಯುತ್ತಾರೆ. ರಾಗವಿಲ್ಲ, ತಾಳವಿಲ್ಲ, ಒಂದೇ ಒಂದು ಸ್ವರ. ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ, ಹೊರಗೆ ಬೀದಿದೀಪ ಆರುವವರೆಗೆ.

ಅಷ್ಟರಲ್ಲಿ ಅವರ ಯಜಮಾನರು ಎದ್ದು ಬರುತ್ತಾರೆ. ಮೊದಲು ಬಡಗಿ ಕೆಲಸ ಮಾಡುತ್ತಿದ್ದವರು, ಈಗ ವಿಶ್ರಾಂತಿಯಲ್ಲಿದ್ದಾರೆ. "ನಮ್ಮನೇಲಿ ಮೂರು ಜನ," ಅನ್ನುತ್ತಾ ನನ್ನ ಮುಂದೆ ಚಹಾ ಇಡುತ್ತಾರೆ. "ನಾನು, ಇವಳು, ಅದು. ಚಳಿಗೆ ಹೀಟರ್ ಯಾವ ಮೂಲೇಲಿ ಇಡಬೇಕು ಅನ್ನೋದು ಅದರ ಆರೋಗ್ಯ ನೋಡ್ಕೊಂಡು ತೀರ್ಮಾನ ಆಗುತ್ತೆ. ನನಗೆ ಮಂಡಿನೋವು ಅಂದ್ರೆ ಸಾಕ್ಸ್ ಹಾಕ್ಕೊಳ್ಳಿ ಅಂತಾಳೆ."

"ರೀ, ಅವರು ಬಂದಿರೋದು ನಿಮ್ಮ ಮಂಡಿ ಬಗ್ಗೆ ಬರೆಯೋಕಲ್ಲ," ಅನ್ನುತ್ತಾರೆ ಟೀಚರ್, ಕಮಾನು ನಿಲ್ಲಿಸದೆ.

ಊರಿನಲ್ಲಿ ಅವರಿಗೆ ಇರುವ ಹೆಸರೇ ವಿಯೋಲಾ ಟೀಚರ್. ನಗರಸಭೆಯ ಸಂಗೀತ ಶಾಲೆಯಲ್ಲಿ ಕಲಿಸುತ್ತಾ ಅವರ ತಲೆಗೂದಲು ಬೆಳ್ಳಗಾಗಿದೆ. ಒಂಟಿಯಾಗಿ ಮುಂದೆ ನಿಂತು ನುಡಿಸುವ ಕಲಾವಿದೆಯಾಗಿಯೂ ಅವರು ಊರೂರು ತಿರುಗಿದವರು ಅನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. ಗೊತ್ತಿರುವ ಕೆಲವರು ಕೂಡ ಅವರನ್ನು ಪರಿಚಯಿಸುವುದು "ಆ ಪಿಟೀಲಿನವರ ಅಕ್ಕ" ಅಂತ. ಈ ಮಾತು ಕೇಳಿ ಕೇಳಿ ನನಗೇ ರೇಗುತ್ತದೆ. ಅವರಿಗೆ ರೇಗುವುದಿಲ್ಲ. ಅಥವಾ ರೇಗಿದ್ದು ಹೊರಗೆ ಕಾಣುವುದಿಲ್ಲ.

ಅಕ್ಕ ತಂಗಿ ಇಬ್ಬರೂ ಪಿಟೀಲಿನಲ್ಲೇ ಶುರು ಮಾಡಿದವರು. ಅಪ್ಪ ಕಿಟಕಿಗಳಿಗೆ ಗಾಜು ಕೂರಿಸುತ್ತಿದ್ದರು. ಸಂಗೀತ ಶಾಲೆಯ ಒಡೆದ ಕಿಟಕಿಯೊಂದನ್ನು ಸರಿಮಾಡಲು ಹೋದವರು, ಒಳಗೆ ಮಕ್ಕಳು ನುಡಿಸುವುದನ್ನು ನೋಡಿ ಮರುದಿನವೇ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಹೋದರಂತೆ. ಮೇಷ್ಟ್ರು ವಯಸ್ಸಾದವರು, ಮುಂಗೋಪಿ. ಒಂದು ದಿನ ಉಗ್ರಾಣದಿಂದ ದೂಳು ಹಿಡಿದ ವಿಯೋಲಾ ಒಂದನ್ನು ತಂದು ಮೇಜಿನ ಮೇಲಿಟ್ಟು, ಇಬ್ಬರಲ್ಲಿ ಒಬ್ಬರು ಇದಕ್ಕೆ ಬದಲಾಗಬೇಕು ಅಂದರು. ತಂಗಿ ಅಲ್ಲೇ ಗೊಳೋ ಅಂತ ಅತ್ತಳು. ಅಕ್ಕನ ತೋಳು ಉದ್ದ ಇತ್ತು.

"ತೋಳು ಉದ್ದ ಇತ್ತು ಅನ್ನೋದು ಮೇಷ್ಟ್ರು ಹೇಳಿದ ನೆಪ," ಅನ್ನುತ್ತಾರೆ ಟೀಚರ್. "ನಾನು ಅಕ್ಕ, ಅಷ್ಟೇ. ಅವಳು ಅಳ್ತಿದ್ರೆ ನಾನು ಹೇಗೆ ಸುಮ್ನಿರ್ಲಿ? ಸರಿ ಕೊಡಿ ಅಂದೆ. ಮನೆಗೆ ಬಂದು ನಾನೂ ಅತ್ತೆ, ಯಾರಿಗೂ ಕಾಣದ ಹಾಗೆ. ಮಾರನೇ ದಿನ ಕೆಳಗಿನ ತಂತಿ ಎಳೆದೆ ನೋಡಿ, ಎದೆಮೂಳೆ ಒಳಗೆ ನಡುಗ್ತು. ಆಮೇಲೆ ವಾಪಸ್ ಕೊಡು ಅಂದಿದ್ರೂ ಕೊಡ್ತಿರ್ಲಿಲ್ಲ."

ವಾದ್ಯವೃಂದದಲ್ಲಿ ವಿಯೋಲಾ ನಡುವಿನ ದನಿ. ಮೇಲೆ ಪಿಟೀಲುಗಳು ಹಾಡುತ್ತಿರುತ್ತವೆ, ಕೆಳಗೆ ದೊಡ್ಡ ವಾದ್ಯಗಳು ಗುಡುಗುತ್ತಿರುತ್ತವೆ. ನಡುವಿನದ್ದು ಇದೆ ಅನ್ನುವುದು ಕೇಳುಗರಿಗೆ ಗೊತ್ತಾಗುವುದೇ ಅದು ನಿಂತಾಗ. ಇಂಥ ವಾದ್ಯಕ್ಕಾಗಿಯೇ ಅಂತ ಬರೆದ ಕೃತಿಗಳು ಕಡಿಮೆ, ಕರೆಯುವವರು ಇನ್ನೂ ಕಡಿಮೆ. ಆದರೂ ಟೀಚರ್ ಹೋಗಿದ್ದಾರೆ. ರೈಲಿನಲ್ಲಿ ಪೆಟ್ಟಿಗೆಯನ್ನು ಮಗುವಿನ ಹಾಗೆ ಮಡಿಲಲ್ಲಿ ಕೂರಿಸಿಕೊಂಡು ಸಣ್ಣ ಸಣ್ಣ ಊರುಗಳಿಗೆ ಹೋಗಿದ್ದಾರೆ. ಹೀಟರ್ ಕೆಟ್ಟ ಸಭಾಂಗಣಗಳಲ್ಲಿ ಕೋಟು ಹಾಕಿಕೊಂಡೇ ನುಡಿಸಿದ್ದಾರೆ. ಒಂದು ಕಡೆ ಆಯೋಜಕರು ವೇದಿಕೆಯ ಮೇಲೆ "ಈಗ ಪಿಟೀಲು ವಾದನ" ಅಂತ ಘೋಷಿಸಿದರಂತೆ. ತಿದ್ದಲಿಲ್ಲವಾ ಅಂತ ಕೇಳಿದೆ. "ತಿದ್ದೋದಕ್ಕೆ ನಿಂತ್ಕೊಂಡಿದ್ರೆ ಅವರ ಮುಖ ಸಪ್ಪಗಾಗ್ತಿತ್ತು. ನುಡಿಸಿದೆ. ಕೊನೆಗೆ ಒಬ್ಬ ಅಜ್ಜಿ ಬಂದು, ನಿಮ್ಮ ಪಿಟೀಲಿಗೆ ಗಂಟಲು ಕಟ್ಟಿದ್ಯಾ, ಆದ್ರೂ ಚೆನ್ನಾಗಿದೆ ಅಂದ್ರು."

ವಿಯೋಲಾದವರ ಮೇಲೆ ವಾದ್ಯವೃಂದಗಳಲ್ಲಿ ಜೋಕುಗಳಿಗೆ ಬರವಿಲ್ಲ. ಟೀಚರ್ ಅವನ್ನು ಬೇರೆಯವರಿಗಿಂತ ಚೆನ್ನಾಗಿ ಹೇಳುತ್ತಾರೆ. ಕಳ್ಳನೊಬ್ಬ ಪಿಟೀಲು ಅಂದುಕೊಂಡು ವಿಯೋಲಾ ಕದ್ದುಕೊಂಡು ಹೋದನಂತೆ, ಮಾರನೇ ದಿನ ಕ್ಷಮೆ ಕೇಳಿ ತಂದಿಟ್ಟನಂತೆ.

ತಂಗಿ ದೊಡ್ಡ ನಗರಕ್ಕೆ ಹೋದರು, ಗೋಡೆಗಳ ಮೇಲೆ ಅವರ ಭಾವಚಿತ್ರ ಬಂತು, ದೇಶ ದೇಶ ಸುತ್ತಿದರು. ಅಕ್ಕನ ಬಗ್ಗೆ ಅವರಿಗೆ ಪ್ರೀತಿ ಇಲ್ಲ ಅಂತಲ್ಲ. ಫೋನ್ ಮಾಡುತ್ತಾರೆ, ಹೊಸ ತಂತಿ ಕಳಿಸುತ್ತಾರೆ. ಆದರೆ ಇಬ್ಬರ ನಡುವೆ ಹಳೆಯದೊಂದು ಮಾತು ತೀರದೆ ಉಳಿದಿತ್ತು. ಪಿಟೀಲು ಮತ್ತು ವಿಯೋಲಾ ಎರಡನ್ನೂ ಸರಿಸಮನಾಗಿ ಮುಂದೆ ನಿಲ್ಲಿಸಿ ಬರೆದ ಹಳೆಯ ಕೃತಿಯೊಂದಿದೆ. ದೊಡ್ಡವರಾದ ಮೇಲೆ ಅದನ್ನು ಇಬ್ಬರೂ ಜೊತೆಗೆ ನುಡಿಸೋಣ ಅಂತ ಹುಡುಗಿಯರಾಗಿದ್ದಾಗ ಒಂದೇ ಹೊದಿಕೆಯಡಿ ಮಲಗಿ ಆಡಿಕೊಂಡ ಮಾತು ಅದು. ಒಮ್ಮೆ ತಂಗಿಗೆ ಆ ಅವಕಾಶ ಬಂದಾಗ ಆಯೋಜಕರು ವಿಯೋಲಾಗೆ ಬೇರೆ ಹೆಸರಾಂತ ವಾದಕರೊಬ್ಬರನ್ನು ಹಾಕಿಕೊಂಡರು. ತಂಗಿ ಎದುರಾಡಲಿಲ್ಲ. ಅಕ್ಕ ಸಭಾಂಗಣದಲ್ಲಿ ಕೂತು ಕೇಳಿ, ಚಪ್ಪಾಳೆ ತಟ್ಟಿ, ಕೊನೆಯ ರೈಲು ಹಿಡಿದು ಬಂದರು.

"ಹೊಟ್ಟೆ ಉರೀತು," ಅಂತ ಟೀಚರ್ ನೇರವಾಗಿ ಹೇಳುತ್ತಾರೆ. "ಸುಳ್ಳು ಯಾಕೆ ಹೇಳ್ಲಿ?"

ಈಗ ಭುಜದ ಕೀಲು ಸವೆದಿದೆ. ಕೂತು ಪಾಠ ಮಾಡಬಹುದು, ಸ್ವಲ್ಪ ಸ್ವಲ್ಪ ನುಡಿಸಬಹುದು; ನಿಂತು ಪೂರ್ತಿ ಕಛೇರಿ ಮಾಡುವುದು ಇನ್ನೊಂದೇ ಸಲ, ಅದೇ ಕೊನೆ ಅಂತ ಡಾಕ್ಟರು ಹೇಳಿಯಾಗಿದೆ. ಊರಿನ ವಾದ್ಯವೃಂದದ ನಿರ್ದೇಶಕಿ ಈ ವಿಷಯ ತಿಳಿದವರೇ ತಂಗಿಗೆ ಪತ್ರ ಬರೆದರು. ತಂಗಿ ತಮ್ಮ ಬೇರೆ ಎರಡು ಕಾರ್ಯಕ್ರಮ ರದ್ದು ಮಾಡಿ ಬರುತ್ತೇನೆ ಅಂದರು. ಶನಿವಾರ ಸಂಜೆ, ಊರಿನ ಸಭಾಂಗಣ, ಅಕ್ಕ ತಂಗಿ ಜೊತೆಗೆ. ನಾನು ಟೀಚರ್ ಮನೆಯ ಬಾಗಿಲು ತಟ್ಟಿದ್ದು ಅದಕ್ಕೆ ಒಂದು ವಾರ ಮುಂಚೆ.

ಸಂಗೀತ ಶಾಲೆಯಲ್ಲಿ ಟೀಚರ್ ಕೋಣೆ ಕಾರಿಡಾರಿನ ತುತ್ತತುದಿಯಲ್ಲಿದೆ. ಒಂದು ಪಕ್ಕ ಬಾಯ್ಲರ್, ಇನ್ನೊಂದು ಪಕ್ಕ ನಾಟಕದವರ ಹಳೆಯ ಬಟ್ಟೆಗಳ ಉಗ್ರಾಣ. ಬಾಯ್ಲರ್ ಗೊರಗೊರ ಅನ್ನುವ ಸ್ವರ ಯಾವುದು ಅಂತ ಹೊಸಬರನ್ನು ಕೇಳುವುದು ಅಲ್ಲಿನ ಮೊದಲ ಪಾಠ. ಗುರುವಾರ ಸಂಜೆ ಹಿರಿಯರ ತರಗತಿ. ಹಲ್ಲಿನ ಡಾಕ್ಟರೊಬ್ಬರು, ಬೇಕರಿಯವರು, ಗಣಿತದ ಮೇಡಂ, ಒಬ್ಬ ಬಸ್ ಡ್ರೈವರ್, ಎಲ್ಲರೂ ದಿನದ ಕೆಲಸ ಮುಗಿಸಿ ಪೆಟ್ಟಿಗೆ ಹೊತ್ತು ಬರುತ್ತಾರೆ.

ಇಲ್ಲೊಂದು ಪದ್ಧತಿಯಿದೆ. ಬೇರೆ ಯಾವ ತರಗತಿಯಲ್ಲೂ ನಾನು ಕಂಡಿಲ್ಲ. ಯಾರೂ ತಮ್ಮ ವಾದ್ಯವನ್ನು ತಾವೇ ಶ್ರುತಿ ಮಾಡಿಕೊಳ್ಳುವ ಹಾಗಿಲ್ಲ. ಒಳಗೆ ಬಂದವರು ತಮ್ಮದನ್ನು ಮೇಜಿನ ಮೇಲಿಟ್ಟು, ಪಕ್ಕದವರದ್ದನ್ನು ಎತ್ತಿಕೊಂಡು, ಬಿರಡೆ ತಿರುಗಿಸಿ ನಾಲ್ಕೂ ತಂತಿಗಳನ್ನು ಕೂಡಿಸಿ ಇಡಬೇಕು. ಯಾಕೆ ಅಂತ ಕೇಳಿದರೆ ಟೀಚರ್ ನಗುತ್ತಾರೆ. "ನಮ್ಮದಕ್ಕೆ ನಮ್ಮ ಕಿವಿ ರಿಯಾಯಿತಿ ಕೊಡುತ್ತೆ. ಪರವಾಗಿಲ್ಲ, ಇರ್ಲಿ ಅಂತ ಬಿಟ್ಟುಬಿಡುತ್ತೆ. ಬೇರೆಯವರದ್ದು ಅಂದಾಗ ಹೆದ್ರಿಕೆ ಇರುತ್ತೆ, ನೆಟ್ಟಗೆ ಕೇಳ್ತೀವಿ. ಜೊತೆಗೆ ನುಡಿಸೋರು ಮೊದಲು ಕಲೀಬೇಕಾಗಿರೋದೇ ಅದು."

ಟೀಚರ್ ವಾದ್ಯವನ್ನು ಶ್ರುತಿ ಮಾಡುವುದು ಬಸ್ ಡ್ರೈವರ್ ಪಾಲಿನ ಕೆಲಸ. ಹುಡುಗನಾಗಿ ಸೇರಿದಾಗಿನಿಂದ ಅವನೇ ಮಾಡುತ್ತಿದ್ದಾನೆ. ಈಗ ನಡುವಯಸ್ಸು, ದೊಡ್ಡ ಅಂಗೈ, ಸಣ್ಣ ಮಾತು. ವಾದ್ಯವೃಂದದ ವಿಯೋಲಾ ಸಾಲಿನಲ್ಲಿ ಮೊದಲ ಕುರ್ಚಿ ಅವನದು. "ಬೆಳಿಗ್ಗೆ ಬಸ್ಸಲ್ಲಿ ಕಂಡಕ್ಟರ್ ಇಲ್ಲ, ಎಲ್ಲಾ ನಾನೇ," ಅನ್ನುತ್ತಾನೆ. "ಸಂಜೆ ವಾದ್ಯವೃಂದದಲ್ಲಿ ಕಂಡಕ್ಟರ್, ಅಂದ್ರೆ ನಮ್ಮ ನಿರ್ದೇಶಕಿ, ಕೈಯೆತ್ತದೆ ನಾವ್ಯಾರೂ ಹೊರಡಂಗಿಲ್ಲ. ಟಿಕೆಟ್ ಮಾತ್ರ ಇಲ್ಲಿ ನಾನು ಕೊಡಲ್ಲ." ಅವನು ವಾದ್ಯವನ್ನು ಕಿವಿಯ ಹತ್ತಿರ ಹಿಡಿದು, ಕಣ್ಣು ಮುಚ್ಚಿ, ಬಿರಡೆಯನ್ನು ಇಷ್ಟಿಷ್ಟೇ ತಿರುಗಿಸುವುದನ್ನು ನಾನು ನೋಡಿದೆ. ಇಟ್ಟು ಹೋದ ಮೇಲೆ ಟೀಚರ್ ಅದನ್ನು ಪರೀಕ್ಷೆ ಮಾಡುವುದಿಲ್ಲ. ಎತ್ತಿಕೊಂಡು ನುಡಿಸಲು ಶುರು ಮಾಡುತ್ತಾರೆ.

ಆ ವಾರದ ತಾಲೀಮುಗಳಲ್ಲಿ ಮಾತ್ರ ವ್ಯವಸ್ಥೆ ಬೇರೆ, ಟೀಚರ್ ತಮ್ಮ ವಾದ್ಯವನ್ನು ತಾವೇ ಶ್ರುತಿ ಮಾಡಿಕೊಳ್ಳುತ್ತಿದ್ದರು. ಆ ಹಳೆಯ ಕೃತಿಯಲ್ಲಿ ವಿಯೋಲಾಗೆ ಒಂದು ವಿಶೇಷ ಇದೆ: ನಾಲ್ಕೂ ತಂತಿಗಳನ್ನು ಮಾಮೂಲಿಗಿಂತ ಅರ್ಧ ಸ್ವರ ಏರಿಸಿ ಬಿಗಿ ಮಾಡಿಕೊಳ್ಳಬೇಕು. ಬಿಗಿದ ತಂತಿ ಹೊಳಪಿನ ದನಿ ಕೊಡುತ್ತದೆ, ಪಿಟೀಲಿನ ಪಕ್ಕದಲ್ಲಿ ಮಂಕಾಗುವುದಿಲ್ಲ. ಈಗಿನ ಬಹಳ ಜನ ಆ ಗೋಜಿಗೆ ಹೋಗದೆ ಮಾಮೂಲಿ ಶ್ರುತಿಯಲ್ಲೇ, ಬೆರಳಿನ ಜಾಗ ಬದಲಿಸಿಕೊಂಡು ನುಡಿಸುತ್ತಾರೆ. ಅದು ಕೈಗೆ ಕಷ್ಟ, ದನಿಯೂ ತಗ್ಗು. ಟೀಚರ್ ತಮ್ಮ ವಿದ್ಯಾರ್ಥಿಗಳಿಗೆ ಕಲಿಸಿರುವುದು ಆ ಕಷ್ಟದ ದಾರಿಯನ್ನೇ, ಅವರ ವಾದ್ಯಗಳ ತಂತಿಗಳು ಬಿಗಿ ಮಾಡಿದರೆ ಪಟ್ಟನೆ ಕಿತ್ತುಹೋಗುವಷ್ಟು ಹಳೆಯವು ಅನ್ನುವ ಕಾರಣಕ್ಕೆ. ತಮಗಾಗಿ ಮಾತ್ರ ಅವರು ಏರಿಸಿದ ಶ್ರುತಿಯನ್ನೇ ಇಟ್ಟುಕೊಂಡಿದ್ದರು.

"ಒಂದೇ ಒಂದು ಸಲ ಅವಳ ಪಕ್ಕ ನಿಂತು, ಅವಳಷ್ಟೇ ಜೋರಾಗಿ ಕೇಳಿಸ್ಬೇಕು," ಅಂದರು ನನಗೆ. "ಅಷ್ಟೇ ನನಗೆ ಬೇಕಾಗಿರೋದು. ಆಮೇಲೆ ಭುಜ ಏನಾದ್ರೂ ಮಾಡ್ಕೊಳ್ಲಿ."

ಶನಿವಾರ ನಡೆದದ್ದು ನನಗೆ ಪೂರ್ತಿ ಅರ್ಥವಾದದ್ದು ಆಮೇಲೆ. ಓದುಗರನ್ನು ಸತಾಯಿಸುವುದು ಬೇಡ, ನಡೆದ ಹಾಗೆಯೇ ಹೇಳಿಬಿಡುತ್ತೇನೆ.

ಮೊದಲ ಅರ್ಧದಲ್ಲಿ ಬೇರೆ ಕೃತಿ, ವಿರಾಮದ ನಂತರ ಅಕ್ಕ ತಂಗಿಯರ ಸರದಿ. ಟೀಚರ್ ವೇದಿಕೆಯ ಹಿಂದಿನ ಕೋಣೆಯಲ್ಲಿ ತಂತಿಗಳನ್ನು ಏರಿಸಿ, ಕೂಡಿಸಿ, ಮೇಜಿನ ಮೇಲೆ ವಾದ್ಯ ಇಟ್ಟು ಪಕ್ಕದ ಕೋಣೆಗೆ ಹೋಗುತ್ತಾರೆ. ಅಲ್ಲಿ ಯಜಮಾನರು ಬಿಸಿನೀರಿನ ಚೀಲ ಹಿಡಿದುಕೊಂಡು ಕಾಯುತ್ತಿದ್ದಾರೆ. ಕೊನೆಯ ಗಳಿಗೆಯವರೆಗೆ ಭುಜಕ್ಕೆ ಕಾವು ಕೊಡಬೇಕು. ವಿರಾಮದ ಗದ್ದಲ. ಕಹಳೆಯವರು ಮೂಲೆಯಲ್ಲಿ ಊದಿ ನೋಡುತ್ತಿದ್ದಾರೆ, ಯಾರೋ ಕನ್ನಡಕ ಹುಡುಕುತ್ತಿದ್ದಾರೆ. ಬಸ್ ಡ್ರೈವರ್ ಒಂದು ಲೋಟ ನೀರು ಕುಡಿಯಲು ಆ ಕೋಣೆಗೆ ಬರುತ್ತಾನೆ. ಮೇಜಿನ ಮೇಲೆ ಟೀಚರ್ ವಾದ್ಯ ಇದೆ. ಅವನು ಅದನ್ನು ಎತ್ತಿಕೊಳ್ಳುತ್ತಾನೆ, ಕಿವಿಯ ಹತ್ತಿರ ಹಿಡಿಯುತ್ತಾನೆ, ನಾಲ್ಕೂ ತಂತಿ ಏರಿವೆ, ಒಂದೊಂದಾಗಿ ಇಳಿಸಿ ಮಾಮೂಲಿ ಶ್ರುತಿಗೆ ಕೂಡಿಸಿ, ಮೊದಲಿನ ಹಾಗೆಯೇ ಇಟ್ಟು ಹೋಗುತ್ತಾನೆ.

ಏರಿಸಿರಬೇಕು ಅನ್ನುವುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ತಾಲೀಮಿನಲ್ಲೆಲ್ಲ ಅವನು ಎದುರಿಗೇ ಕೂತಿದ್ದ. "ತಲೆಗೆ ಗೊತ್ತಿತ್ತು ಸಾರ್," ಅಂತ ಆಮೇಲೆ ನನಗೆ ಹೇಳಿದ. "ಕೈಗೆ ಗೊತ್ತಿರ್ಲಿಲ್ಲ. ಟೀಚರ್ ವಾದ್ಯ ಮೇಜಿನ ಮೇಲಿದ್ರೆ ನನ್ನ ಕೈ ಸುಮ್ನೆ ಇರಲ್ಲ."

ಟೀಚರ್ ಬಂದು ವಾದ್ಯ ಎತ್ತಿಕೊಂಡು ನೇರವಾಗಿ ವೇದಿಕೆಗೆ ನಡೆಯುತ್ತಾರೆ. ವೇದಿಕೆಯ ಮೇಲೆ ಎಲ್ಲರ ಜೊತೆ ಶ್ರುತಿ ನೋಡಿಕೊಳ್ಳುವ ಹಾಗಿಲ್ಲ, ಅವರದ್ದು ಬೇರೆಯೇ ಶ್ರುತಿ ತಾನೇ. ತಂಗಿ ಮಿನುಗುವ ಉಡುಪಿನಲ್ಲಿ ಎಡಗಡೆ, ಅಕ್ಕ ಸಾದಾ ಕಪ್ಪು ಉಡುಪಿನಲ್ಲಿ ಪಕ್ಕದಲ್ಲಿ. ನಿರ್ದೇಶಕಿ ಕೈ ಎತ್ತುತ್ತಾರೆ. ಶುರುವಿನ ಭಾಗ ಪೂರ್ತಿ ವಾದ್ಯವೃಂದದ್ದು, ಒಂಟಿ ವಾದಕರಿಬ್ಬರೂ ಸುಮ್ಮನೆ ನಿಂತು ಕಾಯಬೇಕು. ಕಾಯುತ್ತಾ ಟೀಚರ್ ಎಡಗೈ ಬೆರಳನ್ನು ತಂತಿಯ ಮೇಲೆ ಊರುತ್ತಾರೆ.

ತಂತಿ ಮೆತ್ತಗಿದೆ.

ನಾನು ಎರಡನೇ ಸಾಲಿನಲ್ಲಿ ಕೂತಿದ್ದೆ. ಅವರು ತಲೆ ಬಗ್ಗಿಸಿ ಬಿರಡೆಗಳ ಕಡೆ ನೋಡಿದ್ದು, ಮತ್ತೊಂದು ತಂತಿ ಒತ್ತಿದ್ದು, ಮತ್ತೊಂದು ಒತ್ತಿದ್ದು ನನಗೆ ಕಂಡಿತು. ಆಮೇಲೆ ಅವರು ವಿಯೋಲಾ ಸಾಲಿನ ಮೊದಲ ಕುರ್ಚಿಯ ಕಡೆ ತಿರುಗಿದರು. ಬಸ್ ಡ್ರೈವರ್ ಮುಖದ ರಕ್ತವೆಲ್ಲ ಇಳಿದುಹೋಯಿತು. ಕಮಾನು ಚಲಿಸುತ್ತಿತ್ತು, ಮನುಷ್ಯ ಅಲ್ಲಿರಲಿಲ್ಲ. ಏನೋ ಎಡವಟ್ಟಾಗಿದೆ ಅನ್ನುವುದಷ್ಟೇ ಆಗ ನನಗೆ ಹೊಳೆದದ್ದು.

ಮತ್ತೆ ಏರಿಸಲು ಸಮಯವಿತ್ತು ಅಂತ ಅನ್ನಿಸಬಹುದು. ಟೀಚರ್ ಹಾಗೆ ಅಂದುಕೊಳ್ಳಲಿಲ್ಲ. ಅಷ್ಟು ಸದ್ದಿನ ನಡುವೆ ಏರಿಸಿದರೆ ಕೂಡಿದೆಯೋ ಇಲ್ಲವೋ ಕೇಳುವುದಿಲ್ಲ. ಈಗಷ್ಟೇ ಇಳಿಸಿದ ತಂತಿಯನ್ನು ಅವಸರದಲ್ಲಿ ಏರಿಸಿದರೆ ಅದು ಒಂದು ಕಡೆ ನಿಲ್ಲುವುದೂ ಇಲ್ಲ. ಕೈ ಎತ್ತಿ ನಿರ್ದೇಶಕಿಯನ್ನು ನಿಲ್ಲಿಸಬಹುದಿತ್ತು. ನಿಲ್ಲಿಸಿದರೆ ಕಾರಣ ಹೇಳಬೇಕು, ಕಾರಣ ಮೊದಲ ಕುರ್ಚಿಯಲ್ಲಿ ಕೂತಿದೆ. ಅವರು ಎಡಗೈಯನ್ನು ಅರ್ಧ ಸ್ವರದಷ್ಟು ಮೇಲಕ್ಕೆ ಸರಿಸಿ, ಬೆರಳುಗಳನ್ನು ಅಗಲಿಸಿ ಇಟ್ಟುಕೊಂಡರು. ತಮಗಾಗಿ ಎಂದೂ ಬಳಸದೆ ಕಾರಿಡಾರಿನ ತುದಿಯ ಕೋಣೆಯಲ್ಲಿ ಹಲ್ಲಿನ ಡಾಕ್ಟರಿಗೆ, ಬೇಕರಿಯವರಿಗೆ, ಬಸ್ ಡ್ರೈವರಿಗೆ ತಿದ್ದಿ ತೀಡಿ ಕಲಿಸಿದ ಆ ಕಷ್ಟದ ದಾರಿ. ಇಬ್ಬರೂ ಒಟ್ಟಿಗೆ ಪ್ರವೇಶಿಸುವ ಗಳಿಗೆ ಬಂತು. ಸ್ವರ ಸರಿಯಾಗಿಯೇ ಬಂತು.

ಆದರೆ ತಗ್ಗಾಗಿ ಬಂತು. ತಾಲೀಮಿನಲ್ಲಿ ಕೇಳಿದ್ದ ಹೊಳಪು ಅದರಲ್ಲಿರಲಿಲ್ಲ. ತಂಗಿಯ ಪಿಟೀಲು ಸಭಾಂಗಣದ ಚಾವಣಿ ಮುಟ್ಟುತ್ತಿತ್ತು, ಅಕ್ಕನದು ಅದರ ನೆರಳಿನಲ್ಲಿತ್ತು. ಒಂದು ಸಲ ತಂಗಿ ಕಣ್ಣಂಚಿನಲ್ಲಿ ಅಕ್ಕನ ಕೈ ನೋಡಿದರು. ಬೆರಳುಗಳು ಇರಬೇಕಾದಲ್ಲಿ ಇಲ್ಲ. ಅವರಿಗೆ ಎಲ್ಲಾ ಗೊತ್ತಾಗಿಹೋಯಿತು. ಎಷ್ಟೆಂದರೂ ಒಂದೇ ಮೇಷ್ಟ್ರ ಕೈಲಿ ಪೆಟ್ಟು ತಿಂದವರು.

ಆಮೇಲೆ ತಂಗಿಯ ಕಮಾನು ಹಗುರವಾಯಿತು. ದೊಡ್ಡ ವೇದಿಕೆಗಳಲ್ಲಿ ಎಂದೂ ದನಿ ತಗ್ಗಿಸಬೇಕಾಗಿ ಬಾರದಿದ್ದ ಆಕೆ, ಒಂದೊಂದೇ ಮೆಟ್ಟಿಲು ಇಳಿದ ಹಾಗೆ ಇಳಿದು, ಅಕ್ಕನ ದನಿ ಎಲ್ಲಿತ್ತೋ ಅಲ್ಲಿಗೆ ಬಂದು ನಿಂತರು. ವಿಯೋಲಾ ಸಾಲು ಇನ್ನೂ ಮೆಲ್ಲಗಾಯಿತು. ಅಲ್ಲಿ ಕೂತವರೆಲ್ಲ ಟೀಚರ್ ವಿದ್ಯಾರ್ಥಿಗಳೇ. ಅದನ್ನು ಕೇಳಿ ಪಿಟೀಲುಗಳು, ಪಿಟೀಲುಗಳನ್ನು ಕೇಳಿ ಹಿಂದಿನ ದೊಡ್ಡ ವಾದ್ಯಗಳು. ನಿರ್ದೇಶಕಿ ಕೈಯನ್ನು ಎದೆಯ ಮಟ್ಟಕ್ಕೆ ಇಳಿಸಿಬಿಟ್ಟರು. ನಿಧಾನ ಗತಿಯ ಎರಡನೇ ಭಾಗದಲ್ಲಿ, ಸಭಾಂಗಣದಲ್ಲಿ ಕೆಮ್ಮುವವರು ಕೂಡ ಕೆಮ್ಮು ನುಂಗಿಕೊಂಡು ಕೂತಿದ್ದಾಗ, ವಿಯೋಲಾ ತನ್ನ ಸಹಜ ದನಿಯಲ್ಲಿ, ತಗ್ಗಾಗಿ, ಸ್ವಲ್ಪ ಗರಗರ ಅನ್ನುತ್ತಾ ಮಾತಾಡಿತು. ನನ್ನ ಎದೆಮೂಳೆ ನಡುಗಿದ್ದು ನಿಜ.

ಕೊನೆಯ ಭಾಗ ವೇಗದ್ದು. ಅಲ್ಲಿ ಟೀಚರ್ ಎರಡು ಮೂರು ಕಡೆ ತಪ್ಪಿದರು, ಒಂದು ಕಡೆ ಕೆಲವು ಸ್ವರಗಳನ್ನು ಬಿಟ್ಟೇಬಿಟ್ಟರು. ಭುಜ ಅಷ್ಟು ಹೊತ್ತಿಗೆ ಕೈಕೊಟ್ಟಿತ್ತು. ಮುಗಿದ ಮೇಲೆ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದಾಗ ಅವರು ವಾದ್ಯವನ್ನು ಬಲಗೈಗೆ ಬದಲಾಯಿಸಿಕೊಂಡು ತಲೆ ಬಾಗಿದರು. ಎಡಗೈ ಮೇಲೇಳಲಿಲ್ಲ.

ವೇದಿಕೆಯ ಹಿಂದೆ ತಂಗಿ ಅಕ್ಕನ ಕುರ್ಚಿಯ ಪಕ್ಕ ನೆಲದ ಮೇಲೆಯೇ ಕೂತುಬಿಟ್ಟಿದ್ದರು, ಆ ಮಿನುಗುವ ಉಡುಪಿನಲ್ಲಿ.

"ಎದ್ದೇಳೇ ಪುಟ್ಟಿ, ಬಟ್ಟೆ ಕೊಳೆಯಾಗುತ್ತೆ," ಅಂದರು ಟೀಚರ್.

"ಇರ್ಲಿ ಅಕ್ಕ." ತಂಗಿ ಅಕ್ಕನ ಮಂಡಿಗೆ ಒರಗಿ ಹೇಳಿದರು, "ಚಿಕ್ಕೋರಿದ್ದಾಗಿಂದ ನನ್ನ ದನಿ ಮುಚ್ಚದ ಹಾಗೆ ನೀನು ನುಡಿಸ್ತಿದ್ದೆ. ಅದು ಸುಲಭ ಅಂದ್ಕೊಂಡಿದ್ದೆ. ಇವತ್ತು ಬೆವರಿಳೀತು ನನಗೆ."

"ಅಭ್ಯಾಸ ಆಗುತ್ತೆ," ಅಂದರು ಟೀಚರ್. ಆಮೇಲೆ ಇಬ್ಬರೂ ನಕ್ಕರು, ಆಮೇಲೆ ಇಬ್ಬರೂ ಅತ್ತರು. ಯಜಮಾನರು ಬಿಸಿನೀರಿನ ಚೀಲ ಹಿಡಿದುಕೊಂಡು ಯಾರ ಭುಜಕ್ಕೆ ಇಡಲಿ ಅಂತ ನಿಂತಿದ್ದರು.

ಮರುದಿನದ ಪತ್ರಿಕೆಯೊಂದರಲ್ಲಿ ವಿಮರ್ಶೆ ಬಂತು. ತಂಗಿಯ ವಾದನದ ಬಗ್ಗೆ ಉದ್ದಕ್ಕೂ ಬರೆದು, ಕೊನೆಯಲ್ಲಿ "ವಿಯೋಲಾದಲ್ಲಿ ಅವರ ಅಕ್ಕ ಹಿತವಾಗಿ ಸಾಥ್ ನೀಡಿದರು" ಅಂದಿದ್ದರು. ಬರೆದವರು ನನಗೆ ಪರಿಚಯದವರೇ. ಮುಂದಿನ ಸಲ ಸಿಕ್ಕಾಗ ಹಸು ಮತ್ತು ಮೇಕೆಯ ವ್ಯತ್ಯಾಸ ತಿಳಿಸಬೇಕೆಂದಿದ್ದೇನೆ. ಟೀಚರ್ ಆ ಸಾಲನ್ನು ಓದಿ, ಕನ್ನಡಕ ತೆಗೆದು, "ಹಿತವಾಗಿ ಅಂದಿದ್ದಾರಲ್ಲ, ಸಾಕು," ಅಂದರು. ಡಾಕ್ಟರು ಭುಜ ನೋಡಿ, ನಾನು ಮೊದಲೇ ಹೇಳಿದ್ದೆ ಅನ್ನುವ ಮುಖ ಮಾಡಿದರಂತೆ. ಇನ್ನು ನಿಂತು ನುಡಿಸುವುದಿಲ್ಲ. ಟೀಚರ್ ಇದನ್ನು ಹೇಳಿದ್ದು ಪಾತ್ರೆ ಒರೆಸುತ್ತಾ, ಒಂದೇ ಕೈಯಲ್ಲಿ. ನಾನು ಟವೆಲ್ ತೆಗೆದುಕೊಂಡೆ.

ಗುರುವಾರದ ತರಗತಿಗೆ ಬಸ್ ಡ್ರೈವರ್ ಬರಲಿಲ್ಲ. ಅದಕ್ಕೂ ಮುಂಚೆ ವಾದ್ಯವೃಂದದ ಕಾರ್ಯದರ್ಶಿಗೆ ಫೋನ್ ಮಾಡಿ, ತನ್ನ ಕುರ್ಚಿಗೆ ಬೇರೆಯವರನ್ನು ನೋಡಿಕೊಳ್ಳಿ ಅಂದಿದ್ದನಂತೆ. ಮನೆಗೆ ಫೋನ್ ಮಾಡಿದರೆ ಹೆಂಡತಿ ಎತ್ತಿ, ಅವರು ಡ್ಯೂಟಿಯಲ್ಲಿದ್ದಾರೆ ಅನ್ನುತ್ತಿದ್ದರು. ಟೀಚರ್ ಮುಖದಲ್ಲಿ ಚಿಂತೆ ಕಂಡದ್ದು ಆಗಲೇ. ಭುಜದ ಬಗ್ಗೆ, ವಿಮರ್ಶೆಯ ಬಗ್ಗೆ ಇಲ್ಲದ ಚಿಂತೆ.

"ಡ್ಯೂಟೀಲಿದ್ರೆ ಒಳ್ಳೇದೇ," ಅಂದರು. "ಎಲ್ಲಿಗೆ ಓಡಿಹೋಗ್ತಾನೆ, ಅದೇ ರೂಟು ತಾನೇ."

ಮರುದಿನ ನಾವಿಬ್ಬರೂ ಬಸ್‌ಸ್ಟಾಪಿನಲ್ಲಿ ನಿಂತೆವು. ಪೆಟ್ಟಿಗೆ ನನ್ನ ಹೆಗಲಲ್ಲಿತ್ತು. ಅದು ಎಷ್ಟು ಭಾರ ಅನ್ನುವುದು ಗೊತ್ತಾಗಿದ್ದು ಆವತ್ತೇ. ಎರಡು ಬಸ್ಸು ಬಿಟ್ಟ ಮೇಲೆ ಅವನ ಬಸ್ಸು ಬಂತು. ಬಾಗಿಲು ತೆರೆದಾಗ ಟೀಚರನ್ನು ನೋಡಿ ಅವನ ಕೈ ಸ್ಟೀರಿಂಗ್ ಮೇಲೆಯೇ ಉಳಿಯಿತು. ಅವರು ಹತ್ತಿ, ಸರಿಯಾಗಿ ಅವನ ಬೆನ್ನ ಹಿಂದಿನ ಸೀಟಿನಲ್ಲಿ ಕೂತರು. ಚಾಲಕರ ಜೊತೆ ಮಾತಾಡಬಾರದು ಅನ್ನುವ ಫಲಕ ಅಲ್ಲೇ ಇತ್ತು, ಟೀಚರ್ ಅದನ್ನು ಪಾಲಿಸಿದರು. ಊರೆಲ್ಲ ಸುತ್ತಿ ಬಸ್ಸು ಕೊನೆಯ ಸ್ಟಾಪಿಗೆ ಬಂತು. ಜನ ಇಳಿದುಹೋದರು. ಎಂಜಿನ್ ನಿಂತಿತು.

"ಟೀಚರ್," ಅಂದ ಅವನು, ಹಿಂದೆ ತಿರುಗದೆ. "ನಿಮ್ಮ ಆಯುಷ್ಯದಲ್ಲಿ ಒಂದೇ ಸಲ ಬಂದಿದ್ದನ್ನ ನಾನು ಹಾಳು ಮಾಡ್ದೆ."

"ಹೌದು, ನೀನೇ ಮಾಡ್ದೆ," ಅಂದರು ಟೀಚರ್.

ನಾನು ಕಿಟಕಿಯ ಹೊರಗೆ ನೋಡಿದೆ. ಅವರು ಸಮಾಧಾನದ ಸುಳ್ಳು ಹೇಳುತ್ತಾರೆ ಅಂದುಕೊಂಡಿದ್ದೆ.

"ನನಗೆ ಬೇಕಾಗಿದ್ದ ದನಿ ಸಿಗ್ಲಿಲ್ಲ. ಇನ್ನು ಸಿಗೋದೂ ಇಲ್ಲ. ಅದು ಹೋಯ್ತು," ಅಂದರು. "ಈಗ ಇದನ್ನ ಕೇಳು. ನಾನು ಅಲ್ಲಿ ನಿಂತು ತಂತಿ ಮುಟ್ಟಿದಾಗ ಎಲ್ಲಾ ಮುಗೀತು ಅಂದ್ಕೊಂಡೆ. ಆಮೇಲೆ ಯಾರು ಇಳಿಸಿರ್ತಾರೆ ಅಂತ ಯೋಚಿಸ್ದೆ. ನೀನು ಅಂತ ಗೊತ್ತಾದ ತಕ್ಷಣ ಧೈರ್ಯ ಬಂತು. ಬೇರೆ ಯಾರಾದ್ರೂ ಆಗಿದ್ರೆ, ಎಷ್ಟು ಇಳಿದಿದೆಯೋ, ಯಾವ ತಂತಿ ಎಲ್ಲಿದೆಯೋ, ನಾನು ಬೆರಳು ಎಲ್ಲಿಡ್ಲಿ? ಆಗ ನಿಲ್ಲಿಸಿ ಇಳಿದು ಹೋಗ್ತಿದ್ದೆ. ನೀನು ಮಾಡಿದ್ದು ಅಂದ್ಮೇಲೆ ನಾಲ್ಕೂ ಸರಿಯಾಗೇ ಇರುತ್ತೆ ಅಂತ ಕಣ್ಮುಚ್ಚಿ ನಂಬಿದೆ. ಸರಿಯಾಗೇ ಇತ್ತು. ಆ ಗಲಾಟೇಲಿ, ಪಕ್ಕದಲ್ಲಿ ಕಹಳೆ ಊದ್ತಿರುವಾಗ, ಒಂಚೂರೂ ಆಚೆ ಈಚೆ ಇಲ್ದೆ."

ಅವನು ದೊಡ್ಡ ಅಂಗೈಯಿಂದ ಮುಖ ಒರೆಸಿಕೊಂಡ. ಮುಂದಿನ ಟ್ರಿಪ್ಪಿಗೆ ಒಬ್ಬಿಬ್ಬರು ಬಂದು ಮುಚ್ಚಿದ ಬಾಗಿಲ ಹೊರಗೆ ನಿಂತಿದ್ದರು.

"ಯಾರು ಕಲಿಸಿದ್ದು ನಿನಗೆ?"

"ನೀವು, ಟೀಚರ್."

"ಹಾಂ," ಅಂದರು ಅವರು, ನನ್ನ ಕಡೆ ತಿರುಗಿ. "ಇದನ್ನ ಬರ್ಕೊಳ್ರೀ."